ಕ್ರಾಯ್ಡನ್: ಸಾಲ ಮುಗಿಯದ ಬರೋದಲ್ಲಿ ಮತ್ತೊಂದು ಚುನಾವಣೆ

2026ರ ಮೇ 7, ಗುರುವಾರ. ಅಂದು ಲಂಡನ್ನಿನ 32 ಬರೋಗಳಲ್ಲೂ, ಅಂದರೆ ನಮ್ಮ ಪಾಲಿಕೆಯಂಥ ಕೌನ್ಸಿಲ್ ಇರುವ ಆಡಳಿತ ಭಾಗಗಳಲ್ಲೂ, ಸ್ಥಳೀಯ ಚುನಾವಣೆ. ದಕ್ಷಿಣ ಲಂಡನ್ನಿನ ಕ್ರಾಯ್ಡನ್ನಿನಲ್ಲಿ ಮತದಾರರ ಕೈಗೆ ಎರಡು ಮತಪತ್ರ ಬರುತ್ತವೆ. ಒಂದು ಮೇಯರ್ ಆಯ್ಕೆಗೆ, ಇನ್ನೊಂದು ವಾರ್ಡಿನ ಕೌನ್ಸಿಲರುಗಳ ಆಯ್ಕೆಗೆ. 28 ವಾರ್ಡು, 70 ಕೌನ್ಸಿಲರುಗಳು, ಒಬ್ಬ ಮೇಯರ್.

ಇಷ್ಟೇ ಆಗಿದ್ದರೆ ಬರೆಯಲು ಏನೂ ಇರಲಿಲ್ಲ. ಇಂಗ್ಲೆಂಡಿನ ಕೌನ್ಸಿಲ್ ಚುನಾವಣೆ ಅಂದರೆ ಸಾಮಾನ್ಯವಾಗಿ ಕಸದ ಬಿನ್ನು, ರಸ್ತೆ ಗುಂಡಿ, ಪಾರ್ಕಿಂಗ್ ದಂಡ. ಕ್ರಾಯ್ಡನ್ನಿನ ಕತೆ ಬೇರೆ. 2020ರಿಂದ 2022ರ ನಡುವೆ ಈ ಕೌನ್ಸಿಲ್ ಮೂರು ಸಲ ‘ನಮ್ಮ ಲೆಕ್ಕ ಸರಿತೂಗುತ್ತಿಲ್ಲ’ ಎಂದು ಕಾನೂನು ಪ್ರಕಾರ ನೋಟಿಸ್ ಹೊರಡಿಸಿತು. ಸಿಟ್ಟಿಗೆದ್ದ ಜನ ಮೊದಲು ಆಡಳಿತದ ಪದ್ಧತಿಯನ್ನೇ ಬದಲಿಸಿದರು. ಆಮೇಲೆ ಆಳುವ ಪಕ್ಷವನ್ನೂ ಬದಲಿಸಿದರು. ಸಾಲ ಮಾತ್ರ ಅಲ್ಲಾಡಲಿಲ್ಲ. ಈಗ ಮೇಯರ್ ಕುರ್ಚಿಯ ಪಕ್ಕದಲ್ಲಿ ಕೇಂದ್ರ ಸರ್ಕಾರ ಕಳಿಸಿದ ಕಮಿಷನರುಗಳು ಕೂತಿದ್ದಾರೆ. ಹಾಗಾದರೆ ಈ ಸಲ ಜನ ಆರಿಸುವುದು ಏನನ್ನು?

ಊರು ಹೇಗಿದೆ

ಲಂಡನ್ ಬರೋಗಳಲ್ಲೇ ಅತಿ ಹೆಚ್ಚು ಜನ ಇರುವುದು ಕ್ರಾಯ್ಡನ್ನಿನಲ್ಲಿ. 2021ರ ಜನಗಣತಿಯಲ್ಲಿ ಸುಮಾರು 3.9 ಲಕ್ಷ. ಈಸ್ಟ್ ಕ್ರಾಯ್ಡನ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಹೆಚ್ಚುಕಮ್ಮಿ ಕಾಲು ಗಂಟೆಯಲ್ಲಿ ಲಂಡನ್ ಬ್ರಿಡ್ಜ್. ಟ್ರಾಮ್ ಇದೆ. ಬಾಡಿಗೆ ನಡು ಲಂಡನ್ನಿಗಿಂತ ಕಡಿಮೆ. ಹೀಗಾಗಿ ಹೊಸದಾಗಿ ಬಂದವರು ಇಲ್ಲಿ ಮನೆ ಹುಡುಕುತ್ತಾರೆ, ನಮ್ಮವರೂ ಸೇರಿ.

ವೀಸಾ ಕಾಗದಕ್ಕಾಗಿ ಅಲೆದವರಿಗೆ ವೆಲ್ಲೆಸ್ಲಿ ರಸ್ತೆಯ ಲೂನಾರ್ ಹೌಸ್ ಹೆಸರು ಗೊತ್ತೇ ಇರುತ್ತದೆ. ಗೃಹ ಇಲಾಖೆಯ ವಲಸೆ ವಿಭಾಗದ ದೊಡ್ಡ ಕಚೇರಿ ಅದು. ಆ ಕಟ್ಟಡಕ್ಕೂ ಕೌನ್ಸಿಲ್ ಲೆಕ್ಕಕ್ಕೂ ಸಂಬಂಧ ಇದೆ. ತಂದೆತಾಯಿ ಇಲ್ಲದೆ ಒಂಟಿಯಾಗಿ ಬಂದು ಆಶ್ರಯ ಕೇಳಿದ ಮಕ್ಕಳು ವರ್ಷಗಟ್ಟಲೆ ಇದೇ ಬಾಗಿಲಿಗೆ ಬರುತ್ತಿದ್ದರು. ಅವರನ್ನು ನೋಡಿಕೊಳ್ಳುವ ಹೊಣೆ ಸ್ಥಳೀಯ ಕೌನ್ಸಿಲ್ಲಿನದು. ಸರ್ಕಾರ ಅದಕ್ಕೆ ಕೊಡುವ ಹಣ ಸಾಲುವುದಿಲ್ಲ ಅನ್ನುವುದು ಕ್ರಾಯ್ಡನ್ನಿನ ಹಳೆಯ ದೂರು. ಯಾವ ಪಕ್ಷ ಇದ್ದರೂ ಈ ದೂರು ಬದಲಾಗಿಲ್ಲ.

ರಾಜಕೀಯವಾಗಿ ಊರು ಅಡ್ಡಲಾಗಿ ಎರಡು ಹೋಳು. ಉತ್ತರದ ಥಾರ್ನ್‌ಟನ್ ಹೀತ್, ಸೌತ್ ನಾರ್ವುಡ್, ಬ್ರಾಡ್ ಗ್ರೀನ್ ಕಡೆ ಇಕ್ಕಟ್ಟಾದ ಸಾಲುಮನೆ, ಬಾಡಿಗೆದಾರರು ಜಾಸ್ತಿ, ಲೇಬರ್ ಪಕ್ಷದ ನೆಲ. ದಕ್ಷಿಣದ ಪರ್ಲಿ, ಕೌಲ್ಸ್‌ಡನ್, ಸ್ಯಾಂಡರ್ಸ್ಟೆಡ್ ಕಡೆ ಮನೆ ಸುತ್ತ ತೋಟ, ಸ್ವಂತ ಮನೆಯವರು ಜಾಸ್ತಿ, ಕನ್ಸರ್ವೇಟಿವ್ ನೆಲ. ನಡುವೆ ಇರುವ ಪಟ್ಟಣ ಕೇಂದ್ರದ್ದು ಇನ್ನೊಂದೇ ಗೋಳು. ವಿಟ್‌ಗಿಫ್ಟ್ ಸೆಂಟರ್ ಕೆಡವಿ ದೊಡ್ಡ ವೆಸ್ಟ್‌ಫೀಲ್ಡ್ ಮಾಲ್ ಕಟ್ಟುತ್ತೇವೆ ಅನ್ನುವ ಮಾತು ಹತ್ತು ವರ್ಷಕ್ಕೂ ಹಿಂದಿನದು. ಮಾಲ್ ಬರುತ್ತೆ ಅಂತ ಕಾಯುತ್ತಲೇ ಹಳೆಯ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಮಾಲ್ ಬರಲೇ ಇಲ್ಲ.

ಹಳ್ಳ ತೋಡಿದ್ದು ಹೇಗೆ

ಇದೇ ಈ ಪ್ರಕರಣದ ಹೂರಣ. ಸ್ವಲ್ಪ ನಿಧಾನವಾಗಿ ನೋಡೋಣ.

2010ರ ನಂತರ ಕೇಂದ್ರ ಸರ್ಕಾರ ಇಂಗ್ಲೆಂಡಿನ ಕೌನ್ಸಿಲುಗಳಿಗೆ ಕೊಡುವ ಅನುದಾನ ಕಡಿಮೆ ಮಾಡುತ್ತಾ ಹೋಯಿತು. ವಯಸ್ಸಾದವರ ಆರೈಕೆ, ಮಕ್ಕಳ ರಕ್ಷಣೆ, ಮನೆ ಇಲ್ಲದವರಿಗೆ ವಸತಿ, ಇವೆಲ್ಲ ಕಾನೂನು ಪ್ರಕಾರ ಮಾಡಲೇಬೇಕಾದ ಕೆಲಸ. ಅವುಗಳ ಖರ್ಚು ಏರುತ್ತಲೇ ಇತ್ತು. ಆಗ ಹಲವು ಕೌನ್ಸಿಲುಗಳಿಗೆ ಒಂದು ದಾರಿ ಕಂಡಿತು. ಸರ್ಕಾರಿ ಸಾಲ ಸಂಸ್ಥೆಯಿಂದ ಕಡಿಮೆ ಬಡ್ಡಿಗೆ ಸಾಲ ತೆಗೆಯುವುದು, ಅದರಲ್ಲಿ ಆಸ್ತಿ ಕೊಳ್ಳುವುದು, ಬಾಡಿಗೆಯಲ್ಲಿ ಬಡ್ಡಿ ತೀರಿಸಿ ಉಳಿದದ್ದನ್ನು ಸೇವೆಗಳಿಗೆ ಬಳಸುವುದು. ಕಾಗದದ ಮೇಲೆ ಬಲು ಚೆನ್ನಾಗಿತ್ತು. ವೋಕಿಂಗ್, ಥರಾಕ್, ಸ್ಲೌ ಎಲ್ಲವೂ ಇಂಥದೇ ದಾರಿಯಲ್ಲಿ ಹೋಗಿ ಸಿಕ್ಕಿಬಿದ್ದವು.

ಕ್ರಾಯ್ಡನ್ನಿನಲ್ಲಿ 2014ರಿಂದ ಲೇಬರ್ ಆಡಳಿತ. ಅದಕ್ಕೂ ಮೊದಲು ಎಂಟು ವರ್ಷ ಕನ್ಸರ್ವೇಟಿವ್. ಸಾಲ 2014ರ ನಂತರವೇ ಹುಟ್ಟಿದ್ದೇನೂ ಅಲ್ಲ. ಆದರೆ ಅದು ಹದ್ದು ಮೀರಿದ್ದು ಆಗಲೇ. ಕೌನ್ಸಿಲ್ ‘ಬ್ರಿಕ್ ಬೈ ಬ್ರಿಕ್’ ಎಂಬ ಸ್ವಂತ ಕಟ್ಟಡ ಕಂಪನಿ ತೆರೆಯಿತು. ತಾನು ಸಾಲ ತಂದು ಆ ಕಂಪನಿಗೆ ಸಾಲ ಕೊಟ್ಟಿತು. ಮೊತ್ತ ಸುಮಾರು 20 ಕೋಟಿ ಪೌಂಡ್. ಕಂಪನಿ ಮನೆ ಕಟ್ಟಿ ಮಾರಿ ಬಡ್ಡಿ, ಲಾಭ ಎರಡನ್ನೂ ಕೊಡುತ್ತದೆ ಎಂಬ ಲೆಕ್ಕ. 2020ರಲ್ಲಿ ಆಡಿಟರುಗಳು ನೋಡಿದಾಗ ನಿರೀಕ್ಷಿಸಿದ ಹಣ ಬಂದೇ ಇರಲಿಲ್ಲ.

2018ರಲ್ಲಿ ಕೌನ್ಸಿಲ್ ಕ್ರಾಯ್ಡನ್ ಪಾರ್ಕ್ ಹೋಟೆಲನ್ನು ಸುಮಾರು 3 ಕೋಟಿ ಪೌಂಡ್ ಕೊಟ್ಟು ಕೊಂಡಿತು. ಕೋವಿಡ್ ಬಂತು. 2020ರ ಬೇಸಗೆಯಲ್ಲಿ ಹೋಟೆಲ್ ನಡೆಸುತ್ತಿದ್ದ ಕಂಪನಿ ಮುಳುಗಿತು. ಕೌನ್ಸಿಲ್ ಕೈಯಲ್ಲಿ ಬಾಗಿಲು ಹಾಕಿದ ಹೋಟೆಲ್ ಉಳಿಯಿತು. ಇನ್ನು ಫೇರ್‌ಫೀಲ್ಡ್ ಹಾಲ್ಸ್ ಎಂಬ ಹಳೆಯ ರಂಗಮಂದಿರ, ಸಂಗೀತ ಸಭಾಂಗಣ. ಅದರ ರಿಪೇರಿಗೆ ಮೊದಲ ಅಂದಾಜು 3 ಕೋಟಿ ಪೌಂಡ್. ಮುಗಿಯುವಾಗ 6.75 ಕೋಟಿ ಪೌಂಡ್. ಆ ಕೆಲಸವನ್ನೂ ಟೆಂಡರ್ ಕರೆಯದೆ ಬ್ರಿಕ್ ಬೈ ಬ್ರಿಕ್ ಕಂಪನಿಗೇ ಒಪ್ಪಿಸಿದ್ದರು.

2020ರ ಅಕ್ಟೋಬರ್ ಕೊನೆಯಲ್ಲಿ ಆಡಿಟ್ ಸಂಸ್ಥೆ ಗ್ರಾಂಟ್ ಥಾರ್ನ್‌ಟನ್ ಸಾರ್ವಜನಿಕ ಹಿತದ ವರದಿ ಹೊರತಂದಿತು. ಇಂಥ ವರದಿ ಅಪರೂಪ. ತೀರಾ ಅಪಾಯ ಕಂಡಾಗ ಮಾತ್ರ ಬರೆಯುತ್ತಾರೆ. ಕೌನ್ಸಿಲರುಗಳು, ಅಧಿಕಾರಿಗಳು ಇಬ್ಬರೂ ಸೇರಿ ಸಾಮೂಹಿಕವಾಗಿ ಕುರುಡಾಗಿದ್ದರು ಎನ್ನುವುದು ಅದರ ತಿರುಳು. ಆ ವರದಿಗೆ ಸ್ವಲ್ಪ ಮುಂಚೆ ಕೌನ್ಸಿಲ್ ನಾಯಕ ಟೋನಿ ನ್ಯೂಮನ್ ರಾಜೀನಾಮೆ ಕೊಟ್ಟಿದ್ದರು. ಮುಖ್ಯ ಅಧಿಕಾರಿ ಅದಕ್ಕೂ ಮೊದಲೇ ಹೊರಟಿದ್ದರು, 4 ಲಕ್ಷ ಪೌಂಡಿಗೂ ಹೆಚ್ಚಿನ ಮೊತ್ತದೊಂದಿಗೆ. ಊರಿನವರ ಹೊಟ್ಟೆ ಉರಿದದ್ದು ಸಾಲದ ಕೋಟಿಗಳಿಗಿಂತ ಹೆಚ್ಚಾಗಿ ಈ ಲಕ್ಷಗಳಿಗೆ. ಸಹಜ ಅಲ್ವಾ? ಕೋಟಿಯ ಲೆಕ್ಕ ಯಾರ ತಲೆಗೂ ಹತ್ತುವುದಿಲ್ಲ. ಒಬ್ಬರು ತೆಗೆದುಕೊಂಡು ಹೋದ ದುಡ್ಡು ಎಲ್ಲರಿಗೂ ಅರ್ಥವಾಗುತ್ತದೆ.

ನವೆಂಬರ್ 11ರಂದು ಕೌನ್ಸಿಲ್ಲಿನ ಹಣಕಾಸು ಅಧಿಕಾರಿ ಸೆಕ್ಷನ್ 114 ನೋಟಿಸ್ ಹೊರಡಿಸಿದರು. ಪತ್ರಿಕೆಗಳು ಇದನ್ನು ದಿವಾಳಿ ಅಂತ ಬರೆಯುತ್ತವೆ. ನಿಜವಾಗಿ ಇಂಗ್ಲೆಂಡಿನ ಕೌನ್ಸಿಲ್ ಕಂಪನಿಯ ಹಾಗೆ ದಿವಾಳಿ ಎದ್ದು ಬಾಗಿಲು ಹಾಕುವಂತಿಲ್ಲ. 1988ರ ಕಾಯ್ದೆ ಪ್ರಕಾರ ಈ ನೋಟಿಸ್ ಬಂದರೆ ಹೊಸ ಖರ್ಚು ನಿಲ್ಲುತ್ತದೆ. ಮಾಡಲೇಬೇಕಾದ ಸೇವೆಗಳು ಮಾತ್ರ ನಡೆಯುತ್ತವೆ. 21 ದಿನದೊಳಗೆ ಕೌನ್ಸಿಲ್ ಸಭೆ ಸೇರಿ ಏನು ಮಾಡುತ್ತೇವೆಂದು ಹೇಳಬೇಕು. ಕ್ರಾಯ್ಡನ್ ಸೇರಿತು, ಹೇಳಿತು, ಆದರೂ ಲೆಕ್ಕ ಕೂಡಿ ಬರಲಿಲ್ಲ. ಡಿಸೆಂಬರಿನಲ್ಲೇ ಎರಡನೇ ನೋಟಿಸ್. 2021ರಲ್ಲಿ ಸರ್ಕಾರ 12 ಕೋಟಿ ಪೌಂಡಿನ ನೆರವು ಘೋಷಿಸಿತು. ನೆರವು ಅಂದರೆ ಕೈಗೆ ಕೊಟ್ಟ ಹಣ ಅಲ್ಲ. ದಿನನಿತ್ಯದ ಖರ್ಚಿಗೂ ಸಾಲ ತೆಗೆಯಬಹುದು ಎಂಬ ವಿಶೇಷ ಅನುಮತಿ. ಸಾಲದ ರೋಗಕ್ಕೆ ಸಾಲವೇ ಮದ್ದು.

ಅದೇ ವರ್ಷ ಇನ್ನೊಂದು ಪೆಟ್ಟು. ಸೌತ್ ನಾರ್ವುಡ್‌ನ ರೆಜಿನಾ ರೋಡ್ ಬಹುಮಹಡಿ ಕಟ್ಟಡದ ಕೌನ್ಸಿಲ್ ಫ್ಲ್ಯಾಟುಗಳನ್ನು ಐಟಿವಿ ತೋರಿಸಿತು. ಗೋಡೆಯ ತುಂಬ ಬೂಷ್ಟು, ಚಾವಣಿಯಿಂದ ನೀರು. ಬಾಡಿಗೆದಾರರು ದೂರು ಕೊಟ್ಟು ಕೊಟ್ಟು ಸುಸ್ತಾಗಿದ್ದರು. ಕೌನ್ಸಿಲ್ ನಿಯಮ ಮುರಿದಿದೆ ಎಂದು ಸಾಮಾಜಿಕ ವಸತಿಯ ನಿಯಂತ್ರಕ ಸಂಸ್ಥೆ ತೀರ್ಮಾನ ಕೊಟ್ಟಿತು. ಹೊಸ ಮನೆ ಕಟ್ಟುವ ಕಂಪನಿಗೆ ಕೋಟಿಗಟ್ಟಲೆ ಸುರಿದ ಕೌನ್ಸಿಲ್ಲಿಗೆ ಇದ್ದ ಮನೆಯ ಪೈಪ್ ರಿಪೇರಿ ಮಾಡಲು ಆಗಿರಲಿಲ್ಲ.

ಜನ ಕೇಳಿದ್ದು ಮೇಯರನ್ನು

ಇಂಗ್ಲೆಂಡಿನ ಬಹುಪಾಲು ಬರೋಗಳಲ್ಲಿ ಜನ ಕೌನ್ಸಿಲರುಗಳನ್ನು ಆರಿಸುತ್ತಾರೆ. ಬಹುಮತ ಇರುವ ಪಕ್ಷದ ಕೌನ್ಸಿಲರುಗಳು ತಮ್ಮಲ್ಲೊಬ್ಬರನ್ನು ನಾಯಕ ಮಾಡುತ್ತಾರೆ. ಕ್ರಾಯ್ಡನ್ನಿನಲ್ಲೂ ಹಾಗೇ ಇತ್ತು. 2018ರಲ್ಲಿ ಲೇಬರ್ 41, ಕನ್ಸರ್ವೇಟಿವ್ 29. ಅಂದರೆ ಊರನ್ನು ಯಾರು ನಡೆಸಬೇಕು ಅನ್ನುವುದು ಆ 41 ಜನರೊಳಗಿನ ಮಾತು. ದಕ್ಷಿಣದ ಮತದಾರನಿಗೆ ನಾಯಕನನ್ನು ಆರಿಸುವ ಅವಕಾಶವೂ ಇಲ್ಲ, ಇಳಿಸುವ ಅವಕಾಶವೂ ಇಲ್ಲ.

ನಿವಾಸಿಗಳ ಸಂಘಗಳು ಸೇರಿ ಸಹಿ ಸಂಗ್ರಹಕ್ಕೆ ಇಳಿದವು. ಮತದಾರರಲ್ಲಿ ನೂರಕ್ಕೆ 5 ಜನ ಸಹಿ ಹಾಕಿದರೆ ಕೌನ್ಸಿಲ್ ಜನಮತಗಣನೆ ನಡೆಸಲೇಬೇಕು. ಚಳವಳಿ ಹೆಚ್ಚು ಬಿಸಿಯಾಗಿದ್ದದ್ದು ದಕ್ಷಿಣದಲ್ಲಿ. ಕಾರಣ ಬರೀ ಸಾಲವಲ್ಲ. ತೋಟದ ಮನೆ ಕೆಡವಿ ಆ ಜಾಗದಲ್ಲಿ ಫ್ಲ್ಯಾಟ್ ಎಬ್ಬಿಸುವುದಕ್ಕೆ ಕೌನ್ಸಿಲ್ಲಿನ ಯೋಜನಾ ನೀತಿ ಕುಮ್ಮಕ್ಕು ಕೊಡುತ್ತಿತ್ತು. ಪಕ್ಕದ ಮನೆಯ ಜಾಗದಲ್ಲಿ ಒಂಬತ್ತು ಫ್ಲ್ಯಾಟ್ ಎದ್ದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆ ಫ್ಲ್ಯಾಟುಗಳಿಗೆ ಬಾಡಿಗೆಗೆ ಬಂದವರಲ್ಲಿ ನಮ್ಮಂಥ ವಲಸಿಗರೂ ಇದ್ದರು ಅನ್ನುವುದನ್ನು ಮರೆಯಬಾರದು. ಒಬ್ಬರ ಗೋಳು ಇನ್ನೊಬ್ಬರ ಸೂರು.

2021ರ ಅಕ್ಟೋಬರ್ 7ರಂದು ಜನಮತಗಣನೆ. ನೇರವಾಗಿ ಆರಿಸಿದ ಮೇಯರ್ ಬೇಕು ಎಂದವರು ಸುಮಾರು 47,000. ಹಳೆಯ ಪದ್ಧತಿಯೇ ಇರಲಿ ಎಂದವರು ಸುಮಾರು 11,500. ಅಂತರ ಭಾರಿ. ಆದರೆ ವೋಟು ಹಾಕಿದವರು ಐವರಲ್ಲಿ ಒಬ್ಬರು ಮಾತ್ರ. ಊರಿನ ಆಡಳಿತದ ಚೌಕಟ್ಟನ್ನೇ ಬದಲಿಸಿದ ತೀರ್ಮಾನ ಇದು. ಐವರಲ್ಲಿ ನಾಲ್ವರು ಮನೆಯಲ್ಲೇ ಇದ್ದರು.

589

2022ರ ಮೇ 5ರಂದು ಮೊದಲ ಮೇಯರ್ ಚುನಾವಣೆ. ಕಣದಲ್ಲಿ 8 ಜನ. ಕನ್ಸರ್ವೇಟಿವ್ ಕಡೆಯಿಂದ ಜೇಸನ್ ಪೆರಿ, ದೀರ್ಘ ಕಾಲದ ಕೌನ್ಸಿಲರ್. ಲೇಬರ್ ಕಡೆಯಿಂದ ವಾಲ್ ಶಾಕ್ರಾಸ್. 1990ರ ದಶಕದ ಕೊನೆಯಲ್ಲಿ ಇದೇ ಕೌನ್ಸಿಲ್ಲಿನ ನಾಯಕಿ, ಆಮೇಲೆ ಲಂಡನ್ನಿನ ಸಾರಿಗೆ ಉಪಮೇಯರ್. ಕ್ರಾಯ್ಡನ್ ದುಡ್ಡು ಹಾಳಾದ ವರ್ಷಗಳಲ್ಲಿ ಅವರು ಕೌನ್ಸಿಲ್ಲಿನಲ್ಲಿ ಇರಲೇ ಇಲ್ಲ. ಪಕ್ಷದ ಹೆಸರಿಗೆ ಹತ್ತಿದ್ದ ಮಸಿಯನ್ನು ಅವರು ಹೊರಬೇಕಾಯಿತು.

ಆಗಿನ ಮತಪತ್ರದಲ್ಲಿ ಎರಡು ಕಾಲಂ ಇದ್ದವು. ಮೊದಲ ಆಯ್ಕೆ ಒಂದರಲ್ಲಿ, ಎರಡನೇ ಆಯ್ಕೆ ಇನ್ನೊಂದರಲ್ಲಿ. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೊದಲಿಬ್ಬರನ್ನು ಉಳಿಸಿಕೊಂಡು, ಸೋತವರ ಮತಪತ್ರಗಳ ಎರಡನೇ ಆಯ್ಕೆಯನ್ನು ಎಣಿಸುತ್ತಿದ್ದರು. ಎಣಿಕೆ ಎಳೆದು ಎಳೆದು ಸಾಗಿತು. ಕೊನೆಗೆ ಪೆರಿಗೆ 38,612, ಶಾಕ್ರಾಸ್‌ಗೆ 38,023. ಅಂತರ 589.

ಕೌನ್ಸಿಲ್ ಸಭೆಯಲ್ಲಿ ಯಾರಿಗೂ ಬಹುಮತ ಸಿಗಲಿಲ್ಲ. ಲೇಬರ್ 34, ಕನ್ಸರ್ವೇಟಿವ್ 33, ಗ್ರೀನ್ 2, ಲಿಬರಲ್ ಡೆಮಾಕ್ರಟ್ 1. ಮೇಯರ್ ಒಂದು ಪಕ್ಷ, ಅತಿ ದೊಡ್ಡ ಗುಂಪು ಇನ್ನೊಂದು ಪಕ್ಷ. ಇದರಿಂದ ಮೇಯರ್ ಕೈ ಕಟ್ಟಿಹೋಯಿತು ಅಂದುಕೊಂಡರೆ ತಪ್ಪು. ಈ ಪದ್ಧತಿಯಲ್ಲಿ ಮೇಯರ್ ನಾಲ್ಕು ವರ್ಷ ಗಟ್ಟಿ. ಅವಿಶ್ವಾಸ ಗೊತ್ತುವಳಿ ತಂದು ಇಳಿಸುವಂತಿಲ್ಲ. ಸಂಪುಟ ಅವರದೇ ಆಯ್ಕೆ. ಬಜೆಟ್ಟನ್ನು ಕೌನ್ಸಿಲ್ ಸರಳ ಬಹುಮತದಿಂದ ಒಮ್ಮೆ ಹಿಂದಕ್ಕೆ ಕಳಿಸಬಹುದು. ಎರಡನೇ ಸಲ ಅದನ್ನು ಬದಲಿಸಬೇಕಾದರೆ ಮೂರನೇ ಎರಡು ಭಾಗದ ಬೆಂಬಲ ಬೇಕು. ವಿರೋಧಿಗಳೆಲ್ಲ ಸೇರಿದರೂ 37. ಮೂರನೇ ಎರಡು ಭಾಗಕ್ಕೆ ಅದು ಸಾಲದು.

ಪೆರಿ ಬಂದ ಕೂಡಲೇ ದಕ್ಷಿಣದವರಿಗೆ ಬೇಡವಾಗಿದ್ದ ಯೋಜನಾ ನೀತಿಯನ್ನು ಕಿತ್ತುಹಾಕಿದರು. ಅದಕ್ಕೆ ದುಡ್ಡು ಬೇಕಿರಲಿಲ್ಲ. ದುಡ್ಡು ಬೇಕಾದ ಕೆಲಸಗಳ ಹತ್ತಿರ ಬಂದಾಗ ಬಂಡಿ ಹೂತುಕೊಂಡಿತು. 2022ರ ನವೆಂಬರಿನಲ್ಲಿ ಮೂರನೇ ಸೆಕ್ಷನ್ 114 ನೋಟಿಸ್. ಈ ಸಲ ಕನ್ಸರ್ವೇಟಿವ್ ಮೇಯರ್ ಕೆಳಗೆ. ಹಳೆಯ ಲೆಕ್ಕ ಬಗೆದಷ್ಟೂ ಹೊಸ ತೂತು ಕಾಣುತ್ತಿದೆ ಎಂದರು. ಸಾಲದಲ್ಲಿ 54 ಕೋಟಿ ಪೌಂಡಿನವರೆಗೆ ಮನ್ನಾ ಮಾಡಿ ಎಂದು ಸರ್ಕಾರವನ್ನು ಕೇಳಿದರು. ಆಗ ಕೇಂದ್ರದಲ್ಲಿ ಅವರದೇ ಪಕ್ಷದ ಸರ್ಕಾರ. ಮನ್ನಾ ಆಗಲಿಲ್ಲ. ಸಿಕ್ಕಿದ್ದು ತೆರಿಗೆ ಏರಿಸುವ ಅನುಮತಿ.

ಕೌನ್ಸಿಲ್ ತೆರಿಗೆಯನ್ನು ವರ್ಷಕ್ಕೆ ಶೇ 5ರಷ್ಟು ಏರಿಸಬೇಕಾದರೂ ಜನಮತಗಣನೆ ಬೇಕು ಅನ್ನುವ ನಿಯಮ ಇತ್ತು. ಹಾಗಾಗಿ ಎಲ್ಲರೂ ಶೇ 4.99ಕ್ಕೆ ನಿಲ್ಲುತ್ತಿದ್ದರು. 2023ರಲ್ಲಿ ಕ್ರಾಯ್ಡನ್ನಿಗೆ ವಿಶೇಷ ವಿನಾಯಿತಿ ಕೊಟ್ಟು ಶೇ 14.99ಕ್ಕೆ ಬಿಟ್ಟರು. ಬ್ಯಾಂಡ್ ಡಿ, ಅಂದರೆ ತೆರಿಗೆ ಲೆಕ್ಕದಲ್ಲಿ ನಡು ದರ್ಜೆಯ ಮನೆಗೆ ವರ್ಷಕ್ಕೆ 200 ಪೌಂಡಿಗೂ ಜಾಸ್ತಿ ಹೊರೆ. ಮಾರ್ಚ್ ಮೊದಲ ದಿನ ಕೌನ್ಸಿಲರುಗಳು ಅದನ್ನು ತಿರಸ್ಕರಿಸಿದರು. ಒಂದು ವಾರದ ನಂತರ ಪಾಸಾಯಿತು. ಊರಿಂದ ಹೊಸದಾಗಿ ಬಂದವರಿಗೆ ಒಂದು ಮಾತು: ಇಲ್ಲಿ ಈ ತೆರಿಗೆ ಕಟ್ಟುವುದು ಸಾಮಾನ್ಯವಾಗಿ ಮನೆ ಮಾಲೀಕ ಅಲ್ಲ, ಮನೆಯಲ್ಲಿ ವಾಸ ಇರುವವರು. ಬಾಡಿಗೆ ಮನೆಯ ಮೊದಲ ತಿಂಗಳಲ್ಲೇ ಬಿಲ್ ಬರುತ್ತದೆ. ಹಾಗಾಗಿ ಆ ಶೇ 15 ನಮ್ಮವರ ಜೇಬಿಗೂ ಕೈ ಹಾಕಿತು.

ಅದಾದ ಮೇಲೂ ಕಡಿತ ನಿಲ್ಲಲಿಲ್ಲ. 2024ರಲ್ಲಿ ಬ್ರಾಡ್ ಗ್ರೀನ್, ಶರ್ಲಿ, ಸ್ಯಾಂಡರ್ಸ್ಟೆಡ್, ಬ್ರಾಡ್‌ಮೋರ್ ಗ್ರೀನ್, ಈ ನಾಲ್ಕು ಕಡೆಯ ಲೈಬ್ರರಿಗಳು ಬಾಗಿಲು ಹಾಕಿದವು. ಲಾಕ್‌ಡೌನ್ ಹೊತ್ತಿನಲ್ಲಿ ಮುಚ್ಚಿದ್ದ ಪರ್ಲಿ ಈಜುಕೊಳವನ್ನು ಮತ್ತೆ ತರುತ್ತೇನೆ ಅನ್ನುವುದು ಪೆರಿಯವರ ದೊಡ್ಡ ಭರವಸೆಯಾಗಿತ್ತು. ಅದು ಖಾಸಗಿ ಬಿಲ್ಡರನ ಯೋಜನೆಯ ಬಾಲ ಹಿಡಿದು ಸಾಗಿದೆ.

ಕಮಿಷನರುಗಳು ಬಂದರು

2024ರಲ್ಲಿ ಕೇಂದ್ರದಲ್ಲಿ ಲೇಬರ್ ಸರ್ಕಾರ ಬಂತು. 2025-26ಕ್ಕೆ ಕ್ರಾಯ್ಡನ್ನಿಗೆ ಮತ್ತೆ 13.6 ಕೋಟಿ ಪೌಂಡಿನ ವಿಶೇಷ ನೆರವು, ಅಂದರೆ ಮತ್ತೆ ಸಾಲದ ಅನುಮತಿ. ಒಟ್ಟು ಸಾಲ 140 ಕೋಟಿ ಪೌಂಡಿನ ಆಸುಪಾಸು. ಕೆಲವೇ ತಿಂಗಳಲ್ಲಿ, 2025ರ ಜುಲೈನಲ್ಲಿ, ಸರ್ಕಾರ ಕಮಿಷನರುಗಳನ್ನು ನೇಮಿಸಿತು. ಅವಧಿ ಎರಡು ವರ್ಷ. ಹಣಕಾಸು, ದೊಡ್ಡ ನೇಮಕ, ಆಡಳಿತದ ಸುಧಾರಣೆ, ಇಂಥ ವಿಷಯಗಳಲ್ಲಿ ಕೌನ್ಸಿಲ್ ಎಡವಿದರೆ ಕೈ ಹಾಕುವ ಅಧಿಕಾರ ಅವರಿಗಿದೆ. ಅವರ ಸಂಬಳ ಕೊಡುವುದೂ ಕೌನ್ಸಿಲ್ಲೇ.

ಪೆರಿ ಇದನ್ನು ರಾಜಕೀಯ ಎಂದು ಜರೆದರು. ಲೇಬರ್ ಇದನ್ನು ಪೆರಿಯ ಸೋಲು ಎಂದಿತು. ನನಗೆ ಎರಡೂ ಅರ್ಧ ಸತ್ಯ ಅನ್ನಿಸುತ್ತದೆ. ಹಳ್ಳ ತೋಡಿದವರು ಒಬ್ಬರು. ಹಳ್ಳ ಮುಚ್ಚುತ್ತೇನೆ ಎಂದು ಮತ ಕೇಳಿದವರು ಇನ್ನೊಬ್ಬರು. ಮುಚ್ಚಲು ಬೇಕಾದ ಮಣ್ಣು ಇಬ್ಬರ ಕೈಯಲ್ಲೂ ಇಲ್ಲ, ಅದು ಖಜಾನೆಯಲ್ಲಿದೆ. ಇನ್ನೊಂದು ತಮಾಷೆ. 2025ರ ಸೆಪ್ಟೆಂಬರಿನಿಂದ ಸ್ಥಳೀಯಾಡಳಿತದ ಮಂತ್ರಿ ಸ್ಟೀವ್ ರೀಡ್. ಅವರು ಸ್ಟ್ರೆಥಮ್ ಮತ್ತು ಕ್ರಾಯ್ಡನ್ ನಾರ್ತ್ ಕ್ಷೇತ್ರದ ಸಂಸದ. ಅಂದರೆ ಕಮಿಷನರುಗಳು ವರದಿ ಒಪ್ಪಿಸುವ ಮಂತ್ರಿಗೆ ಇದೇ ಬರೋದ ಉತ್ತರ ಭಾಗದ ಜನ ವೋಟು ಹಾಕಿದ್ದಾರೆ.

ಈ ಸಲ ಬದಲಾಗಿರುವುದು

ಪೆರಿ ಮತ್ತೆ ಕಣದಲ್ಲಿದ್ದಾರೆ. ಲೇಬರ್ ಪಕ್ಷ ರೋವೆನಾ ಡೇವಿಸ್ ಅವರನ್ನು ನಿಲ್ಲಿಸಿದೆ. ಶಿಕ್ಷಕಿ, ವ್ಯಾಡನ್ ವಾರ್ಡಿನ ಕೌನ್ಸಿಲರ್. ಗ್ರೀನ್, ಲಿಬರಲ್ ಡೆಮಾಕ್ರಟ್ ಪಕ್ಷಗಳಿಗೂ ತಮ್ಮದೇ ಮತದಾರರಿದ್ದಾರೆ. ಜೊತೆಗೆ ರಿಫಾರ್ಮ್ ಯುಕೆ ಎಂಬ ಬಲಪಂಥೀಯ ಪಕ್ಷ. 2022ರಲ್ಲಿ ಅದು ಇಲ್ಲಿ ಲೆಕ್ಕಕ್ಕೇ ಇರಲಿಲ್ಲ. 2025ರ ಮೇ ತಿಂಗಳಲ್ಲಿ ಇಂಗ್ಲೆಂಡಿನ 10 ಕೌನ್ಸಿಲುಗಳನ್ನು ಗೆದ್ದ ಮೇಲೆ ಯಾರೂ ಅದನ್ನು ಬದಿಗೆ ಸರಿಸುವಂತಿಲ್ಲ.

ಎಲ್ಲರೂ ಅಭ್ಯರ್ಥಿಗಳ ಬಗ್ಗೆ ಮಾತಾಡುತ್ತಿದ್ದಾರೆ. ನನಗೆ ಮುಖ್ಯ ಅನ್ನಿಸುವುದು ಮತಪತ್ರದ ಎರಡನೇ ಕಾಲಂ. ಅದು ಈ ಸಲ ಇಲ್ಲ. 2022ರ ಚುನಾವಣಾ ಕಾಯ್ದೆ ಅದನ್ನು ತೆಗೆದುಹಾಕಿತು. ಈಗ ನಮ್ಮ ದೇಶದ ಚುನಾವಣೆಯ ಹಾಗೇ, ಎಲ್ಲರಿಗಿಂತ ಒಂದು ಮತ ಹೆಚ್ಚು ಬಂದರೆ ಗೆದ್ದ ಹಾಗೆ. ಈಗಿನ ಸರ್ಕಾರ ಎರಡನೇ ಆಯ್ಕೆಯನ್ನು ಮರಳಿ ತರುವ ಮಸೂದೆ ತಂದಿದೆ, ಆದರೆ ಈ ಮೇ ತಿಂಗಳಿಗೆ ಅದು ಒದಗುವುದಿಲ್ಲ.

ಇದರ ಪರಿಣಾಮ ಏನು? 2025ರ ಮೇನಲ್ಲಿ ವೆಸ್ಟ್ ಆಫ್ ಇಂಗ್ಲೆಂಡ್ ಪ್ರಾದೇಶಿಕ ಮೇಯರ್ ಚುನಾವಣೆ ನಡೆಯಿತು. ಮತ ಐದು ಕಡೆ ಹಂಚಿಹೋಯಿತು. ಗೆದ್ದ ಲೇಬರ್ ಅಭ್ಯರ್ಥಿಗೆ ಬಂದದ್ದು ಬಿದ್ದ ಮತದ ಸುಮಾರು ಕಾಲು ಭಾಗ. ವೋಟು ಹಾಕಿದವರೇ ಮೂವರಲ್ಲಿ ಒಬ್ಬರಿಗಿಂತ ಕಡಿಮೆ. ಲೆಕ್ಕ ಹಾಕಿ ನೋಡಿ. ಒಟ್ಟು ಮತದಾರರಲ್ಲಿ ನೂರಕ್ಕೆ ಏಳೆಂಟು ಜನರ ಬೆಂಬಲದಲ್ಲಿ ಕುರ್ಚಿ ಸಿಕ್ಕಿತು. ಕ್ರಾಯ್ಡನ್ನಿನಲ್ಲೂ ಇಂಥದ್ದು ಆಗಬಹುದು. 2022ರಲ್ಲಿ ಗ್ರೀನ್ ಮತದಾರ ಮನಸ್ಸಿಗೆ ಒಪ್ಪಿದವರಿಗೆ ಮೊದಲ ಮತ ಹಾಕಿ, ಎರಡನೆಯದರಲ್ಲಿ ಲೆಕ್ಕಾಚಾರ ಮಾಡಬಹುದಿತ್ತು. ಈಗ ಮನಸ್ಸು, ಲೆಕ್ಕಾಚಾರ ಎರಡನ್ನೂ ಒಂದೇ ಗುರುತಿನಲ್ಲಿ ಮುಗಿಸಬೇಕು. ಹಾಗಾಗಿಯೇ ಈ ಹೊತ್ತಿನಲ್ಲಿ ಮನೆ ಬಾಗಿಲಿಗೆ ಬೀಳುವ ಕರಪತ್ರಗಳಲ್ಲಿ ಒಂದು ಕಂಬದ ನಕ್ಷೆ ಇದ್ದೇ ಇರುತ್ತದೆ: ‘ಇಲ್ಲಿ ಗೆಲ್ಲಬಲ್ಲವರು ನಾವು ಇಬ್ಬರೇ.’ ಆ ನಕ್ಷೆಯ ಅಳತೆ ಪಟ್ಟಿಯನ್ನು ಒಮ್ಮೆ ದಿಟ್ಟಿಸಿ ನೋಡಿ. ಎಷ್ಟೋ ಸಲ ಅಂಕಿಗೂ ಕಂಬದ ಎತ್ತರಕ್ಕೂ ತಾಳೆಯೇ ಇರುವುದಿಲ್ಲ.

ಕಮಿಷನರುಗಳಿದ್ದಾರಲ್ಲ, ಯಾರು ಗೆದ್ದರೇನು ಅನ್ನುವವರೂ ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಕಮಿಷನರುಗಳು ಒಟ್ಟು ಮೊತ್ತ ನೋಡುತ್ತಾರೆ. ಆ ಮೊತ್ತದೊಳಗೆ ಯಾವ ಲೈಬ್ರರಿ ಮುಚ್ಚಬೇಕು, ಯಾವ ಕಟ್ಟಡ ಮಾರಬೇಕು, ಯಾವ ಬೀದಿಯಲ್ಲಿ ಎಷ್ಟು ಮಹಡಿಗೆ ಅನುಮತಿ ಕೊಡುವ ನೀತಿ ಇರಬೇಕು, ಇವು ಮೇಯರ್ ಮತ್ತು ಕೌನ್ಸಿಲರುಗಳ ತೀರ್ಮಾನ. ದುಡ್ಡು ಕಡಿಮೆ ಇದ್ದಾಗಲೇ ಇಂಥ ತೀರ್ಮಾನ ಜಾಸ್ತಿ ನೋಯಿಸುತ್ತದೆ. ಇನ್ನೊಂದು, ನಾಲ್ಕು ವರ್ಷದ ಅವಧಿಯಲ್ಲಿ ಕಮಿಷನರುಗಳು ಮೊದಲೇ ಹೋಗಬಹುದು. ಮೇಯರ್ 2030ರವರೆಗೆ ಇರುತ್ತಾರೆ.

ಕನ್ನಡಿಗರ ಪಾಲು

ಇಲ್ಲಿ ನಮ್ಮವರಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಬ್ರಿಟನ್ನಿನಲ್ಲಿ ವೋಟು ಹಾಕಬಹುದು. ಭಾರತ ಕಾಮನ್‌ವೆಲ್ತ್ ದೇಶ. ಕಾನೂನುಬದ್ಧ ವೀಸಾ ಇದ್ದು, 18 ತುಂಬಿ, ಇಲ್ಲಿ ವಾಸ ಇದ್ದರೆ ಸಾಕು. ಕೆಲಸದ ವೀಸಾ, ವಿದ್ಯಾರ್ಥಿ ವೀಸಾ, ಎಲ್ಲವೂ ಸೈ. ಕೌನ್ಸಿಲ್ ಚುನಾವಣೆಗೆ ಮಾತ್ರ ಅಲ್ಲ, ಸಂಸತ್ ಚುನಾವಣೆಗೂ. ಅಭ್ಯರ್ಥಿಯಾಗಿ ನಿಲ್ಲಬೇಕಾದರೆ ಮಾತ್ರ ಕಾಯಂ ವಾಸದ ಅನುಮತಿ ಬೇಕು.

ಐಟಿ ಕೆಲಸಕ್ಕೆ ಬಂದ ಎಷ್ಟೋ ಜನ ಮತದಾರರ ಪಟ್ಟಿಗೆ ಹೆಸರು ಸೇರಿಸುವುದು ಕ್ರೆಡಿಟ್ ಸ್ಕೋರ್ ಸಲುವಾಗಿ. ಪಟ್ಟಿಯಲ್ಲಿ ಹೆಸರಿದ್ದರೆ ಮೊಬೈಲ್ ಕಾಂಟ್ರಾಕ್ಟು, ಕಾರು ಸಾಲ ಸಲೀಸು ಅಂತ ಯಾರೋ ಸ್ನೇಹಿತರು ಹೇಳಿರುತ್ತಾರೆ. ಹೆಸರು ಸೇರುತ್ತದೆ, ಪೋಲಿಂಗ್ ಕಾರ್ಡ್ ಮನೆಗೆ ಬರುತ್ತದೆ, ಅದು ಪಿಜ್ಜಾ ಜಾಹೀರಾತಿನ ಜೊತೆ ಕಸದ ಬುಟ್ಟಿ ಸೇರುತ್ತದೆ. ಬೆಂಗಳೂರಿನಿಂದ ಬಂದವರಿಗಂತೂ ಪಾಲಿಕೆ ಚುನಾವಣೆಯ ಅಭ್ಯಾಸವೇ ತಪ್ಪಿಹೋಗಿದೆ. ಬಿಬಿಎಂಪಿಗೆ ವೋಟು ಹಾಕಿದ್ದು 2015ರಲ್ಲಿ, ಆ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ.

ಕ್ರಾಯ್ಡನ್ನಿನ ಪಕ್ಕದ ಬರೋ ಲ್ಯಾಂಬೆತ್. ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಅಲ್ಲಿ ಲೇಬರ್ ಕೌನ್ಸಿಲರ್ ಆಗಿದ್ದವರು, 2010-11ರಲ್ಲಿ ಮೇಯರ್ ಆಗಿದ್ದವರು. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆ ನಿಂತಿರುವುದಕ್ಕೆ ಅವರ ಓಡಾಟವೇ ಕಾರಣ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅದನ್ನು ಅನಾವರಣ ಮಾಡಿದರು. ಅದು ನಮ್ಮ ಹೆಮ್ಮೆ, ಸರಿ. ಆದರೆ ಲ್ಯಾಂಬೆತ್ ಮೇಯರ್ ಸ್ಥಾನ ಒಂದು ವರ್ಷದ ಗೌರವದ ಸ್ಥಾನ. ಸರಪಳಿ ಹಾಕಿಕೊಂಡು ಸಭೆ ನಡೆಸುವುದು, ಸಮಾರಂಭಗಳಿಗೆ ಹೋಗುವುದು. ಆಗ ಅಲ್ಲಿ ಅಧಿಕಾರ ನಡೆಸುತ್ತಿದ್ದವರು ಕೌನ್ಸಿಲ್ ನಾಯಕ. ಆ ನಾಯಕ ಯಾರು ಗೊತ್ತೆ? ಈಗ ಮಂತ್ರಿಯಾಗಿರುವ ಅದೇ ಸ್ಟೀವ್ ರೀಡ್. ಕ್ರಾಯ್ಡನ್ನಿನ ಮೇಯರ್ ಹಾಗಲ್ಲ. ಬಜೆಟ್ ಬರೆಯುವ ಮೇಯರ್. ಈ ವ್ಯತ್ಯಾಸ ತಿಳಿಯದೆ, ಮೇಯರ್ ಅಂದರೆ ರಿಬ್ಬನ್ ಕತ್ತರಿಸುವವರು ಅಂದುಕೊಂಡು ಮನೆಯಲ್ಲಿ ಉಳಿಯುವವರು ಬಹಳ.

ಹಾಕಬೇಕು ಅನ್ನುವವರಿಗೆ ಇಷ್ಟು ಗೊತ್ತಿದ್ದರೆ ಸಾಕು. ಹೆಸರು ಸೇರಿಸಲು ಕೊನೆಯ ದಿನ ಏಪ್ರಿಲ್ 20. ಅಂಚೆ ಮತಕ್ಕೆ ಅರ್ಜಿ ಹಾಕಲು ಏಪ್ರಿಲ್ 21ರ ಸಂಜೆ 5 ಗಂಟೆ. ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ, ಆಫೀಸಿಗೆ ರಜೆ ಹಾಕಬೇಕಾಗಿಲ್ಲ. ಬೆರಳಿಗೆ ಶಾಯಿ ಇಲ್ಲ, ಯಂತ್ರವೂ ಇಲ್ಲ. ಕಾಗದದ ಮೇಲೆ ಪೆನ್ಸಿಲಿನಲ್ಲಿ ‘X’ ಗುರುತು. 2023ರಿಂದ ಫೋಟೋ ಇರುವ ಗುರುತಿನ ಚೀಟಿ ಕಡ್ಡಾಯ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಇದನ್ನು ಎರಡು ಸಲ ಓದಿ. ಆಧಾರ್ ನಡೆಯುವುದಿಲ್ಲ. ಮೇಯರ್ ಮತಪತ್ರದಲ್ಲಿ ಒಂದೇ ಗುರುತು, ಎರಡು ಹಾಕಿದರೆ ಕುಲಗೆಟ್ಟಿತು. ಕೌನ್ಸಿಲರ್ ಮತಪತ್ರದಲ್ಲಿ ಹಾಗಲ್ಲ. ವಾರ್ಡಿಗೆ ಮೂವರು ಬೇಕಿದ್ದರೆ ಮೂರು ಗುರುತಿನವರೆಗೂ ಹಾಕಬಹುದು. ಒಂದೇ ವೋಟಿನ ಅಭ್ಯಾಸ ಇರುವ ನಮ್ಮವರು ಒಂದು ಹಾಕಿ ಬಂದುಬಿಡುತ್ತಾರೆ, ಉಳಿದ ಎರಡು ಸುಮ್ನೆ ಹಾಳು.

ಕಳೆದ ಸಲ ಮೇಯರ್ ಸ್ಥಾನ ತೀರ್ಮಾನವಾದದ್ದು 589 ಮತದಲ್ಲಿ. ಈಸ್ಟ್ ಕ್ರಾಯ್ಡನ್ ಸ್ಟೇಷನ್ ಸುತ್ತಲಿನ ಗೋಪುರದಂಥ ಅಪಾರ್ಟ್‌ಮೆಂಟುಗಳಲ್ಲಿ ಎರಡು ಮೂರರಲ್ಲೇ ಅಷ್ಟು ಮತದಾರರು ಸಿಕ್ಕಾರು.

ಮತದಾನ ಮುಗಿದ ಮೇಲೆ ಗೆದ್ದವರ ಮೊದಲ ಕೆಲಸ ಸಂಪುಟ ಕಟ್ಟುವುದು. ಆಮೇಲೆ 2027-28ರ ಬಜೆಟ್. ಅದನ್ನು 2027ರ ಮಾರ್ಚಿನೊಳಗೆ ಕೌನ್ಸಿಲ್ ಮುಂದೆ ಇಡಬೇಕು, ಕಮಿಷನರುಗಳು ಇನ್ನೂ ಕಟ್ಟಡದೊಳಗೆ ಇರುವಾಗಲೇ. ಅವರ ಎರಡು ವರ್ಷ ಮುಗಿಯುವುದು ಆ ವರ್ಷದ ಜುಲೈಗೆ. ಅವಧಿ ಮುಂದುವರಿಸಬೇಕೆ, ಬಿಟ್ಟು ಹೋಗಬೇಕೆ ಎಂಬ ಕಾಗದಕ್ಕೆ ಸಹಿ ಹಾಕುವುದು ಮಂತ್ರಿ.